ಅಮ್ಮನ ಸೀಟು, ನನ್ನ ಸ್ಟೇರಿಂಗು

ಇವತ್ತು ಬೆಳಿಗ್ಗೆ ಉಡುಪಿ ದಾರಿಯಲ್ಲಿ ಪೊಲೀಸಿನವರೊಬ್ಬರು ಗಾಡಿಗೆ ಕೈ ಅಡ್ಡ ಹಿಡಿದರು. ನಿಲ್ಲಿಸಿದೆ. ನೇರ ಬಲಗಡೆ ಕಿಟಕಿಗೆ ಬಂದು ಲೈಸೆನ್ಸ್ ಕೇಳಿದರು. ಬಲಗಡೆ ಕೂತಿದ್ದದ್ದು ನನ್ನ ಅಮ್ಮ. ವಯಸ್ಸು 74. ಸೀಟ್ ಬೆಲ್ಟ್ ಹಾಕಿಕೊಂಡು, ಮಡಿಲಲ್ಲಿ ಸ್ಟೀಲ್ ಬೋಗುಣಿ ಇಟ್ಟುಕೊಂಡು ಅಲಸಂಡೆ ಮುರಿಯುತ್ತಿದ್ದಳು. ಚಿಕ್ಕಮ್ಮನ ಮನೆ ಮುಟ್ಟುವುದರೊಳಗೆ ಮುಗಿಸಬೇಕು ಅಂತ ಹಟ.

"ಲೈಸೆನ್ಸ್ ತೋರಿಸಿ."

"ಎಂತಕ್ಕೆ? ಅಲಸಂಡೆಗಾ?"

ಅವರು ತಲೆ ಒಳಗೆ ಹಾಕಿ ಸ್ಟೇರಿಂಗ್ ಹುಡುಕಿದರು. ಮೊದಲು ಬೋಗುಣಿ ನೋಡಿದರು. ಆಮೇಲೆ ಬೋಗುಣಿಯ ಹಿಂದೆ ನೋಡಿದರು. ಅಲ್ಲೂ ಇರಲಿಲ್ಲ. ಕೊನೆಗೆ ಈ ಕಡೆಯಿಂದ ನಾನೇ ಶಾಲೆಯ ಹುಡುಗನ ಹಾಗೆ ಕೈ ಎತ್ತಿ, "ಸಾರ್, ಸ್ಟೇರಿಂಗ್ ಇಲ್ಲುಂಟು" ಅಂದೆ.

"ನೀವು ಆ ಕಡೆ ಯಾಕೆ ಕೂತದ್ದು?" ಅಂತ ಕೇಳಿದರು. ಅವರನ್ನು ನೋಡಿ ಹೆದರಿ ನಾನು ಜಾಗ ಬದಲಿಸಿದ ಹಾಗೆ!

ನಂಬರ್ ಪ್ಲೇಟ್ ದುಬೈಯದ್ದು, ಅಲ್ಲಿನ ಗಾಡಿಗಳಿಗೆ ಸ್ಟೇರಿಂಗ್ ಎಡಗಡೆ. ಕಾಗದ ಅಂತ ಇರುವುದು ಕಾರ್ನೆಟ್ ಎಂಬ ಒಂದು ಪುಸ್ತಕ. ಅದರಲ್ಲಿ ಇಂಗ್ಲಿಷೂ ಉಂಟು, ಫ್ರೆಂಚೂ ಉಂಟು. ಅವರು ಮೂರು ಸಲ ತಿರುವಿ ಹಾಕಿದರು. ಇಪ್ಪತ್ತು ನಿಮಿಷ ಆಯಿತು. ಆಮೇಲೆ ಗಾಡಿಯ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡು ಕಳಿಸಿದರು. ಅಷ್ಟರಲ್ಲಿ ಅಲಸಂಡೆ ಮುಗಿದಿತ್ತು. ಲಾಭ ಆದದ್ದು ಅಮ್ಮನಿಗೆ ಮಾತ್ರ.

ತಪ್ಪು ನನ್ನದೇ ಬಿಡಿ. ದುಬೈಯಲ್ಲಿ ಆಸೆಪಟ್ಟು ಕೊಂಡ ನಿಸಾನ್ ಪಟ್ರೋಲ್ ಎಂಬ ದೊಡ್ಡ ಗಾಡಿ ಇದು, 2016ರದ್ದು. ಊರಿಗೆ ತಂದು ರಿಜಿಸ್ಟ್ರೇಷನ್ ಮಾಡಿಸಿ ಶಾಶ್ವತವಾಗಿ ಇಟ್ಟುಕೊಳ್ಳೋಣ ಅಂತಿದ್ದೆ. ವಿಚಾರಿಸಿದರೆ, ಹೊರಗಿನ ಹಳೇ ಗಾಡಿ ಬರಬೇಕಾದರೆ ತಯಾರಾಗಿ 3 ವರ್ಷ ದಾಟಿರಬಾರದಂತೆ. ಸ್ಟೇರಿಂಗ್ ಬಲಗಡೆ ಇರಬೇಕಂತೆ. ಮುಂಬೈ ಬಂದರಿನಲ್ಲೇ ಇಳಿಯಬೇಕಂತೆ. ನಮ್ಮ ತಾರಸಿ ಹತ್ತಿದರೆ ಮಂಗಳೂರಿನ ಪಣಂಬೂರು ಬಂದರಿನ ಕ್ರೇನು ಕಾಣುತ್ತದೆ, ಅದಿರಲಿ. ಇಷ್ಟೆಲ್ಲ ಪಾಸಾದರೂ ಗಾಡಿಯ ಬೆಲೆಗಿಂತ ಸುಂಕವೇ ಜಾಸ್ತಿ. ಅದರ ಮೇಲೆ, 20 ಲಕ್ಷ ದಾಟಿದ ಗಾಡಿಗೆ ಶೇ. 18 ಜೀವಾವಧಿ ತೆರಿಗೆ.

ಬ್ರೋಕರ್ ಒಬ್ಬನಿಗೆ ಮಾತ್ರ ಇದ್ಯಾವುದೂ ಸಮಸ್ಯೆಯೇ ಅಲ್ಲ. "ಸ್ಟೇರಿಂಗ್ ಆಚೆ ಹಾಕಿದರಾಯ್ತು ಮಾರ್ರೆ" ಅಂದ. ಹೋಟೆಲಿನ ಮೇಜಿನ ಮೇಲೆ ತನ್ನ ಚಾ ಗ್ಲಾಸನ್ನು ಎಡದಿಂದ ಬಲಕ್ಕೆ ದೂಡಿ ತೋರಿಸಿದ. "ನೋಡಿ, ಇಷ್ಟೇ." ಗ್ಲಾಸಿಗೆ ಬ್ರೇಕು, ಏರ್‌ಬ್ಯಾಗು, ವಯರಿಂಗು ಇರಲಿಲ್ಲ. ಹಾಗಿದ್ದೂ ಅರ್ಧ ಚಾ ಚೆಲ್ಲಿತು.

ಕೊನೆಗೆ ಉಳಿದದ್ದು ಕಾರ್ನೆಟ್. ಗಾಡಿಗೊಂದು ಪಾಸ್‌ಪೋರ್ಟ್ ಅಂದುಕೊಳ್ಳಿ. ದುಬೈಯಲ್ಲಿ ಠೇವಣಿ ಇಟ್ಟು, ಕೊಚ್ಚಿಯಲ್ಲಿ ಇಳಿಸಿ, 6 ತಿಂಗಳು ಓಡಿಸಿ, ವಾಪಸ್ ಕಳಿಸಬೇಕು. ನಾನು ಹುಟ್ಟಿದ ಊರಿಗೆ ನನ್ನ ಗಾಡಿ ಟೂರಿಸ್ಟ್.

ಟ್ಯಾಂಕು 140 ಲೀಟರ್. ಪೆಟ್ರೋಲ್ ಹಾಕುವ ಹುಡುಗ ಮೊನ್ನೆ ಮಧ್ಯದಲ್ಲಿ ಬಗ್ಗಿ, ಕೆಳಗೆ ಸೋರುತ್ತಿದೆಯಾ ಅಂತ ನೋಡಿದ. ಬಿಲ್ಲಿನ ವಿಷಯ ಬೇಡ.

ಟೋಲ್‌ನದ್ದು ಇನ್ನೊಂದು ಕಥೆ. ಇಲ್ಲಿನ ಆರ್‌ಸಿ ಇಲ್ಲ, ಹಾಗಾಗಿ ಫಾಸ್ಟ್ಯಾಗೂ ಇಲ್ಲ. ನಗದು ಕೊಟ್ಟರೆ ದುಪ್ಪಟ್ಟು. ಗೂಡು ಇರುವುದು ಬಲಗಡೆ. ಅಂದರೆ ಹಣಕಾಸು ಖಾತೆ ಪೂರ್ತಿ ಅಮ್ಮನ ಕೈಯಲ್ಲಿ. "ದುಪ್ಪಟ್ಟು ಯಾಕೆ? ನಾವು ಹೋಗುವುದು ಒಂದೇ ಸಲ ಅಲ್ವಾ?" ಅಂತ ಪ್ರತಿ ಸಲವೂ ವಾದ. ಹಿಂದೆ ಹಾರ್ನ್‌ಗಳ ಮೇಳ.

ಇದಕ್ಕಿಂತ ಕಷ್ಟ ಓವರ್‌ಟೇಕ್. ಎಡಗಡೆ ಕೂತವನಿಗೆ ಮುಂದಿನ ಬಸ್ಸಿನ ಬೆನ್ನು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಾಣುವುದು ಅಮ್ಮನಿಗೆ. ಶಿರಾಡಿ ಘಾಟಿಯಲ್ಲಿ ಕೇಳಿದೆ, "ಅಮ್ಮ, ಹೋಗಬಹುದಾ?"

"ಹೋಗು."

ಸ್ವಲ್ಪ ಹೊರಗೆ ತೆಗೆದೆ. ಎದುರಿಗೇ ಲಾರಿ! ಬ್ರೇಕ್ ಒತ್ತಿ ಒಳಗೆ ನುಗ್ಗಿದೆ. ಕೈ ನಡುಗುತ್ತಿತ್ತು.

"ಲಾರಿ ಇತ್ತಲ್ಲಮ್ಮಾ!"

"ಇತ್ತು. ಒಂದೇ ಅಲ್ವಾ?"

ಅಲ್ಲಿಂದ ಸಕಲೇಶಪುರದವರೆಗೆ ಆ ಬಸ್ಸಿನ ಹಿಂದೆಯೇ ಹೋದೆ. ಅದರ ಹಿಂದಿನ ಗಾಜಿನ ಮೇಲೆ ಬರೆದದ್ದೆಲ್ಲ ಈಗ ನನಗೆ ಬಾಯಿಪಾಠ.

ಮೊನ್ನೆ ಗಾಡಿ ತೊಳೆಯುವಾಗ ಕಾರ್ಪೆಟ್ ಎತ್ತಿದೆ. ಅಡಿಯಲ್ಲಿ ಒಂದು ಹಿಡಿ ಕೆಂಪು ಮರಳು. ದುಬೈಯ ಲಹ್ಬಾಬ್ ಮರುಭೂಮಿಯದ್ದು. ಒಂದು ಕಾಲದಲ್ಲಿ ಶುಕ್ರವಾರ ಬೆಳಗಾಗುವ ಮೊದಲೇ ನಾವು ನಾಲ್ಕು ಮಂದಿ ಅಲ್ಲಿರುತ್ತಿದ್ದೆವು. ಮರಳಲ್ಲಿ ಹೂತುಹೋಗದಿರಲಿ ಅಂತ ಟೈರಿನ ಗಾಳಿ 15 ಪಿಎಸ್‌ಐಗೆ ಇಳಿಸುವಾಗ ಬರುವ ಆ ಸುಯ್ ಶಬ್ದ ಬಿಟ್ಟರೆ ಸುತ್ತ ಏನೂ ಕೇಳುತ್ತಿರಲಿಲ್ಲ. ದಿಬ್ಬದ ತುದಿಗೆ ಹೋದಾಗ ಎದುರಿಗೆ ಬರೀ ಆಕಾಶ. ಆ ನಾಲ್ವರಲ್ಲಿ ಈಗ ದುಬೈಯಲ್ಲಿ ಉಳಿದವನು ನಾನೊಬ್ಬನೇ. ಮರಳನ್ನು ಏನು ಮಾಡುವುದು ಅಂತ ತಿಳಿಯದೆ ಸುಮ್ನೆ ಕೈಯಲ್ಲಿ ಹಿಡಿದು ನಿಂತಿದ್ದೆ. ಅಮ್ಮ ಬಂದು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. "ನಮ್ಮ ಮುರಕಲ್ಲಿನ ಪುಡಿ ಇದ್ದ ಹಾಗೇ ಉಂಟಲ್ಲ. ಇದಕ್ಕೆ ಅಷ್ಟು ದೂರ ಹೋದದ್ದಾ?" ಅಂದಳು.

ಗಾಡಿ ವಾಪಸ್ ಹೋಗಲು ಇನ್ನು 43 ದಿನ.

ಇವತ್ತು ಚಿಕ್ಕಮ್ಮನ ಮನೆಯಲ್ಲಿ ಊಟ ಆಯಿತು. ದೇವಸ್ಥಾನದ ಓಣಿಗೆ ನನ್ನ ಗಾಡಿ ಹಿಡಿಸುವುದಿಲ್ಲ ಅಂತ ಚಿಕ್ಕಪ್ಪ ತಮ್ಮ ಆಲ್ಟೋ ತೆಗೆದರು. ಚಪ್ಪಲಿ ಹಾಕಿಕೊಂಡು ಬರುವಷ್ಟರಲ್ಲಿ ಅಮ್ಮ ಬಲಗಡೆ ಬಾಗಿಲು ತೆಗೆದು, ಕೂತು, ಬೆಲ್ಟ್ ಹಾಕಿಕೊಂಡಾಗಿತ್ತು. ಚಿಕ್ಕಪ್ಪ ಕೀ ಹಿಡಿದುಕೊಂಡು ಹೊರಗೆ ನಿಂತಿದ್ದರು. ಅಮ್ಮ ಮುಂದಿದ್ದ ಸ್ಟೇರಿಂಗನ್ನು ಒಮ್ಮೆ ನೋಡಿದಳು.

"ಇದೊಂದು ಅಡ್ಡ ಆಗ್ತದೆ ಮಾರಾಯ. ಬೋಗುಣಿ ಎಲ್ಲಿ ಇಡುವುದು?"