ಮುನ್ನೂರು ಮೇಲೋಗರದ ರಾಜನ ಹೆಂಡತಿ

ರಾತ್ರಿಗೆ ಸಾರೋ ಹುಳಿಯೋ ಅಂತ ತೀರ್ಮಾನ ಮಾಡೋದ್ರಲ್ಲೇ ಸುಸ್ತಾಗೋ ನನ್ನಂಥವರಿಗೆ ಬರ್ಮಾದ ಪಗಾನ್ ರಾಜ ನರತಿಹಪತೆ ಸ್ವಲ್ಪ ಜಾಸ್ತಿನೇ ಆದ. 1256ರಿಂದ 1287ರವರೆಗೆ ಆಳಿದವನು, ಮಿಂಗಲಜೇದಿ ಅನ್ನೋ ಪಗೋಡ ಕಟ್ಟಿಸಿ, ತಾನು 3 ಕೋಟಿ 60 ಲಕ್ಷ ಸೈನಿಕರ ಒಡೆಯ, ದಿನಾ 300 ಬಗೆ ಮೇಲೋಗರ ತಿನ್ನೋನು ಅಂತ ಶಾಸನ ಬರೆಸಿಕೊಂಡನಂತೆ. ಸೈನ್ಯದ ಲೆಕ್ಕ ಬಿಡಿ, ರಾಜರು ಸೊನ್ನೆ ಸೇರಿಸೋದು ಇದ್ದಿದ್ದೇ. ಆದ್ರೆ 300 ಮೇಲೋಗರ! ಅರ್ಧರ್ಧ ಚಮಚ ಬಡಿಸಿದ್ರೂ ಅನ್ನ ಎಲ್ಲಿ ಹಾಕೋದು?

ನಂಗೆ ಇವನಿಗಿಂತ ಇವನ ಪಟ್ಟದರಾಣಿ ಪ್ವಾ ಸಾ ಇಷ್ಟ. ಪೋಪಾ ಬೆಟ್ಟದ ಕಡೆಯ ರೈತರ ಮನೆ ಹುಡುಗಿ, ಮೊದಲು ಇವನಪ್ಪ ಉಜನಾನ ರಾಣಿ ಆಗಿದ್ಲು, ಅವನು ಆನೆ ಬೇಟೆಗೆ ಹೋಗಿ ಆನೆ ಕಾಲಿಗೇ ಸಿಕ್ಕಿ ಸತ್ತ, ಆಮೇಲೆ ಪಟ್ಟಕ್ಕೆ ಬಂದ ಮಗ ಸಿಂಹಾಸನದ ಜೊತೆ ರಾಣಿಯನ್ನೂ ಇಟ್ಕೊಂಡ. ಆ ಅರಮನೆಲಿ ಊಟ ಅಂದ್ರೆ ಹುಡುಗಾಟ ಅಲ್ಲ. ಹೊಸವರ್ಷದ ನೀರಾಟದಲ್ಲಿ ರಾಜ ದಾಸಿ ಕೈಲಿ ನೀರು ಎರಚಿಸಿ ಸಾ ಲೋನ್ ಅನ್ನೋ ಇನ್ನೊಬ್ಬ ರಾಣಿಗೆ ಅವಮಾನ ಮಾಡಿದ, ಅವಳು ಊಟಕ್ಕೆ ವಿಷ ಹಾಕಿದ್ಲು, ಅಷ್ಟರಲ್ಲಿ ಕೆಳಗೆ ನಾಯಿ ಸೀನಿತು, ಅಪಶಕುನ ಅಂತ ರಾಜ ತುತ್ತನ್ನ ನಾಯಿಗೇ ಹಾಕಿದ, ನಾಯಿ ಸತ್ತಿತು, ಸಾ ಲೋನ್‌ನ ಸುಟ್ಟು ಕೊಂದ್ರು. ಪಾಪದ ನಾಯಿ.

ಮಂಗೋಲರು ಬಂದಾಗ, 1285ರಲ್ಲಿ, ರಾಜ ರಾಜಧಾನಿ ಬಿಟ್ಟು ದಕ್ಷಿಣಕ್ಕೆ ಓಡಿದ. ದಾರೀಲಿ ಅಡುಗೆಯವರ ಕೈಲಿ 150 ಬಗೆ ಮಾತ್ರ ಮಾಡೋಕಾಯ್ತು, ಅದನ್ನ ನೋಡಿ ಮುಖ ಮುಚ್ಕೊಂಡು "ನಾನು ಬಡವ ಆಗೋದೆ" ಅಂತ ಅತ್ತನಂತೆ. ಬರ್ಮೀ ಬಖೈರಿನಲ್ಲಿ, ಅಂದ್ರೆ ಅಲ್ಲಿನ ರಾಜರ ಹಳೇ ಚರಿತ್ರೆಯಲ್ಲಿ, ನಂಗೆ ತುಂಬಾ ನಗು ಬರಿಸಿದ ಜಾಗ ಇದು. ರಾಣಿ ನಗಲಿಲ್ಲ. ನಿಮ್ಮ ಹಿಂದೆ ಜನಾನೇ ಇಲ್ಲ ಪ್ರಭು, ನೀವು ಅಷ್ಟು ಕಾಟ ಕೊಟ್ಟಿದ್ದೀರಿ, ನಾಡಿನ ಹೊಟ್ಟೆಗೆ ತೂತು ಹಾಕಬೇಡಿ ಅಂತ ಆಗ್ಲೇ ಹೇಳಿದ್ದೆ, ನೀವು ಕೇಳಲಿಲ್ಲ ಅಂದ್ಲು. 300 ಬಗೆ ತಿನ್ನೋನಿಗೆ ಹೊಟ್ಟೆ ವಿಷಯಾನೇ ಎತ್ತಿ ಹೇಳಿದ್ಲು ನೋಡಿ!

1287ರಲ್ಲಿ ಪ್ರೋಮ್ ಹತ್ರ ಸ್ವಂತ ಮಗ ತಿಹತು ಸೈನಿಕರನ್ನ ಸುತ್ತ ನಿಲ್ಲಿಸಿ ವಿಷದ ಊಟ ಮುಂದಿಟ್ಟ. ಕತ್ತಿ ಏಟಿಗಿಂತ ಇದೇ ಮರ್ಯಾದೆ, ತಿಂದುಬಿಡಿ ಅಂತ ಹೇಳಿದವಳೂ ಇವಳೇ. ಅವನು ಉಂಗುರ ತೆಗೆದು ಇವಳ ಕೈಗೆ ಕೊಟ್ಟು, ನೀರು ಬಿಟ್ಟು, ಇನ್ನು ಯಾವ ಜನ್ಮದಲ್ಲೂ ನಂಗೆ ಗಂಡುಮಕ್ಕಳು ಬೇಡ ಅಂತ ಬೇಡಿಕೊಂಡು ತಿಂದ. ಬದುಕಿದ್ದಾಗ ಹೆಂಡತಿ ಮಾತು ಕೇಳದವನು ಇದೊಂದು ಕೇಳಿದ.

ಇವಳ ಕತೆ ಅಲ್ಲಿಗೆ ಮುಗಿಯಲ್ಲ. 1289ರಲ್ಲಿ ರಾಜನ ಇನ್ನೊಬ್ಬ ಮಗ ಕ್ಯಾವ್‌ಸ್ವಾ ಪಟ್ಟಕ್ಕೆ ಬಂದ, ಇವಳಿಗೂ ಅವನಿಗೂ ಸರಿಹೋಗಲಿಲ್ಲ, 1297ರಲ್ಲಿ ಮ್ಯಿನ್‌ಸೈಂಗ್ ಅನ್ನೋ ಊರಿನ ಮೂವರು ಅಣ್ಣತಮ್ಮಂದಿರು, ಸೇನಾನಾಯಕರು, ಅವರ ಜೊತೆ ಸೇರಿ ಬೌದ್ಧ ವಿಹಾರ ಒಪ್ಪಿಸೋ ಕಾರ್ಯಕ್ಕೆ ಅಂತ ಅವನನ್ನ ಅಲ್ಲಿಗೆ ಕರೆಸಿದ್ರು. ಈ ಸಲ ವಿಷದ ಗೊಡವೆಗೆ ಯಾರೂ ಹೋಗಲಿಲ್ಲ. ತಲೆ ಬೋಳಿಸಿ ಭಿಕ್ಷು ಮಾಡಿ ಅದೇ ವಿಹಾರದಲ್ಲಿ ಕೂರಿಸಿಬಿಟ್ರು. ಭಿಕ್ಷುಗಳಿಗೆ ಮಧ್ಯಾಹ್ನದ ಮೇಲೆ ಊಟ ಇಲ್ಲ.