ಟ್ರಂಪ್ ಪಂಚಾಂಗದಲ್ಲಿ ಹೆರಿಗೆ ಮುಹೂರ್ತ

ನಮ್ಮಲ್ಲಿ ಸಿಸೇರಿಯನ್ನಿಗೂ ಮುಹೂರ್ತ ಇಡಿಸುವವರಿದ್ದಾರೆ. ಜೋಯಿಸರು ಬರೆದುಕೊಟ್ಟ ಚೀಟಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು, 'ಹತ್ತೂವರೆ ಒಳಗೆ ಆಗ್ಬಿಡ್ಲಿ ಮೇಡಂ, ಆಮೇಲೆ ರಾಹುಕಾಲ' ಅಂತ ಕೈಮುಗಿಯುವವರನ್ನು ಕಂಡು ಅಮೆರಿಕದಲ್ಲಿರುವ ಮಕ್ಕಳು ನಗುತ್ತಿದ್ದರು. 2025ರ ಜನವರಿ 20ರಂದು ಆ ನಗು ನಿಂತಿತು. ಟ್ರಂಪ್ ಶಾಸ್ತ್ರಿಗಳು ಗದ್ದುಗೆ ಏರಿದ ದಿನವೇ ಪಂಚಾಂಗ ಬಿಡುಗಡೆ ಮಾಡಿದರು: ಇಂದಿನಿಂದ 30 ದಿನ ಶುಭಕಾಲ. ಆಮೇಲೆ ಹುಟ್ಟುವ ಕೂಸಿನ ತಾಯಿ ಅಕ್ರಮವಾಗಿಯೋ ತಾತ್ಕಾಲಿಕ ವೀಸಾದಲ್ಲೋ ಇದ್ದು, ಅಪ್ಪನಿಗೆ ಪೌರತ್ವವೂ ಇಲ್ಲ, ಗ್ರೀನ್ ಕಾರ್ಡೂ ಇಲ್ಲ ಎಂದಾದರೆ ಕೂಸು ಅಮೆರಿಕನ್ ಅಲ್ಲ. ದಿನ ತುಂಬುವ ಮೊದಲೇ ಹೊಟ್ಟೆ ಕೊಯ್ದು ಕೊಡಿ ಎಂದು ಭಾರತದ ದಂಪತಿಗಳು ಡಾಕ್ಟರುಗಳ ಬಳಿ ಕೇಳಿಕೊಂಡ ಸುದ್ದಿ ನೀವೂ ಓದಿದ್ದೀರಿ.

ಬಾಣಂತನಕ್ಕೆ ಹೊರಟಿದ್ದ ಅಮ್ಮಂದಿರ ಪಾಡು ಯಾರೂ ಬರೆಯಲಿಲ್ಲ. ವಿಸಿಟರ್ ವೀಸಾದಲ್ಲಿ ಸಿಗುವುದು ಸಾಮಾನ್ಯವಾಗಿ ಆರು ತಿಂಗಳು. ಅದಕ್ಕೆ ಸರಿಯಾಗಿ ಲೆಕ್ಕ ಹಾಕಿ ಟಿಕೆಟ್ಟು, ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಮೆಣಸಿನ ಪುಡಿ, ಬಜೆ ಬೇರು. ಆ ಬಜೆ ಬೇರನ್ನು ಕಸ್ಟಮ್ಸ್‌ನವನು ಎತ್ತಿ ಹಿಡಿದು 'ಇದೇನು' ಅಂದರೆ ಏನು ಹೇಳಬೇಕೆಂದು ಮಗಳು ವಾಟ್ಸಾಪಿನಲ್ಲಿ ಕಲಿಸಿರುತ್ತಾಳೆ. ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡವರಿಗೆ, ಕೂಸು ಒಂದು ತಿಂಗಳು ಮೊದಲೇ ಬರುತ್ತದೆ, ಟಿಕೆಟ್ ಬದಲಾಯಿಸಿ ಅಂದರೆ? ವಿಮಾನದವರು ದಂಡ ಬಿಡುತ್ತಾರೆಯೇ?

ಆದೇಶದ ತರ್ಕವಂತೂ ಅಮೋಘ. ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಪ್ರಕಾರ, ಅಲ್ಲಿ ಹುಟ್ಟಿ ಆ ದೇಶದ ಕಾನೂನಿನ ಅಧೀನದಲ್ಲಿರುವವರೆಲ್ಲ ಅಲ್ಲಿನ ಪ್ರಜೆಗಳು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರ ಮಕ್ಕಳು ಹಾಗೆ 'ಅಧೀನದಲ್ಲಿಲ್ಲ' ಎನ್ನುವುದು ಸರ್ಕಾರದ ವಾದ. ಹಾಗಿದ್ದರೆ ನಾಳೆ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ನಮ್ಮ ಹುಡುಗ ಕೆಂಪು ದೀಪ ದಾಟಿದರೆ ಪೊಲೀಸಪ್ಪ ಸುಮ್ಮನಿರುತ್ತಾನೋ? ಸಂಬಳದಲ್ಲಿ ಮುರಿದುಕೊಂಡ ಸೋಷಿಯಲ್ ಸೆಕ್ಯುರಿಟಿ ದುಡ್ಡು ವಾಪಸ್ಸು ಬರುತ್ತದೋ? ತೆರಿಗೆಗೆ ಅಧೀನ, ದಂಡಕ್ಕೆ ಅಧೀನ, ತೊಟ್ಟಿಲಿಗೆ ಮಾತ್ರ ಅಲ್ಲ. ಪಾಪದ ಕೂಸು ಯಾವ ಗಡಿಯನ್ನೂ ದಾಟಿ ಬಂದದ್ದಲ್ಲ. ಅದು ದಾಟಿದ್ದು ಅಮ್ಮನ ಹೊಟ್ಟೆಯನ್ನು ಮಾತ್ರ.

ಟ್ರಂಪ್ ಅವರ ವಂಶಾವಳಿ ಓದುತ್ತ ಕುಳಿತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಅಜ್ಜ ಫ್ರೆಡ್ರಿಕ್ ಹದಿನಾರರ ವಯಸ್ಸಿಗೇ ಜರ್ಮನಿಯಿಂದ ಬಂದು, 1892ರಲ್ಲಿ ಅಮೆರಿಕದ ಪ್ರಜೆಯಾಗಿ, ಕಾಸು ಮಾಡಿಕೊಂಡು ಊರಿಗೆ ಮರಳಿದರೆ, ಸೈನ್ಯದ ಸೇವೆ ತಪ್ಪಿಸಿಕೊಂಡವನು ಎಂದು ಬವೇರಿಯಾ ಸರ್ಕಾರ ಹೊರಹಾಕಿತು. ಹೊರಗಟ್ಟಬೇಡಿ ಎಂದು ಅಲ್ಲಿನ ರಾಜಪ್ರತಿನಿಧಿಗೆ ಅಂಗಲಾಚಿ ಬರೆದ ಪತ್ರ ಇವತ್ತಿಗೂ ಉಳಿದಿದೆ. ಬಸುರಿ ಹೆಂಡತಿಯನ್ನು ಕಟ್ಟಿಕೊಂಡು 1905ರಲ್ಲಿ ಮತ್ತೆ ಹಡಗು ಹತ್ತಿದರು. ಆ ವರ್ಷವೇ ನ್ಯೂಯಾರ್ಕಿನಲ್ಲಿ ಹುಟ್ಟಿದ್ದು ಟ್ರಂಪ್ ಅವರ ಅಪ್ಪ. ಅಜ್ಜ ಆಗಲೇ ಪ್ರಜೆಯಾಗಿದ್ದರಿಂದ ಮೊಮ್ಮಗನ ಆದೇಶದಲ್ಲೂ ಪಾಸಾಗುತ್ತಾರೆ, ಬಿಡಿ. ಮನೆತನದಲ್ಲಿ ಇಂಥದ್ದೊಂದು ಪತ್ರ ಇರುವವರು ಬಸುರಿಯರಿಗೆ ಗಡುವು ಕೊಡುತ್ತಾರಲ್ಲ, ಆ ಧೈರ್ಯಕ್ಕೆ ಮೆಚ್ಚಬೇಕು.

ಇದು ಹೊಸ ಜಗಳವೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನಾದ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬ ಅಡುಗೆಯವನು ಚೀನಾಕ್ಕೆ ಹೋಗಿ ವಾಪಸ್ಸು ಬಂದರೆ, ಅವನನ್ನು ಹಡಗಿನಿಂದ ಇಳಿಯಲು ಬಿಡಲಿಲ್ಲ. 1898ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 6-2ರ ಬಹುಮತದಲ್ಲಿ ಅವನನ್ನು ಅಮೆರಿಕನ್ ಎಂದಿತು. ಈ ಬಾರಿಯ ಆದೇಶ ಹೊರಬಿದ್ದ ಮೂರೇ ದಿನಕ್ಕೆ ಅದನ್ನು ತಡೆದ ಸಿಯಾಟಲ್‌ನ ನ್ಯಾಯಾಧೀಶರು ಟ್ರಂಪ್ ಪಕ್ಷದವರೇ ಆದ ಹಿಂದಿನ ಅಧ್ಯಕ್ಷ ರೇಗನ್ ನೇಮಿಸಿದವರು, ಯಾವ ಎಡಪಂಥದವರೂ ಅಲ್ಲ. ಆದರೂ ವಾದ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.

ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಅಂಕಲ್‌ಗಳ ಕಣ್ಣೀರಿನ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಟ್ರಂಪ್ ಗೆಲ್ಲಲೆಂದು 2016ರಲ್ಲಿ ದಿಲ್ಲಿಯಲ್ಲಿ ಹೋಮ ಮಾಡಿದ್ದು ಇದೇ ದೇಶ. ಹೋಗಲಿ, ಅದು ತಮಾಷೆ. ತಮಾಷೆಯಲ್ಲದ್ದು ಬೇರೆಯಿದೆ. ಇಲ್ಲಿ ಹುಟ್ಟಿದ ಮಗು ಇಲ್ಲಿಯದೇ ಎಂಬ ಕಾನೂನು ನಮ್ಮಲ್ಲೂ ಇತ್ತು, ಸ್ವಾಮಿ. 1987ರ ಜುಲೈ 1ರಿಂದ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಎಂದೆವು. 2004ರ ಡಿಸೆಂಬರಿನಿಂದ ಅದೂ ಸಾಲದಾಗಿ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂದೆವು. ಅಂದರೆ ಅಮ್ಮ ಅಪ್ಪಟ ಭಾರತೀಯಳಾದರೂ, ಅಪ್ಪನ ಕಾಗದ ಸರಿಯಿಲ್ಲದಿದ್ದರೆ ಕೂಸಿಗೆ ಹುಟ್ಟಿನಿಂದ ಪೌರತ್ವವಿಲ್ಲ. ಟ್ರಂಪ್ ಆದೇಶಕ್ಕೂ ಇಷ್ಟು ದೂರ ಹೋಗಲು ಆಗಿಲ್ಲ, ಅಲ್ಲಿ ಒಬ್ಬರು ಪ್ರಜೆಯಾಗಿದ್ದರೆ ಸಾಕು. ಆಗ ಯಾವ ಅಂಕಲ್ಲೂ ಅಳಲಿಲ್ಲ. ಬೆಂಗಳೂರಿನ ಗುಡಿಸಲುಗಳಲ್ಲಿ ಚಿಂದಿ ಆಯುವವರ ಮಕ್ಕಳು 'ಬಾಂಗ್ಲಾದವರು' ಎನ್ನಿಸಿಕೊಂಡಾಗ ಫಾರ್ವರ್ಡ್ ಮಾಡಿದ ಬೆರಳುಗಳೇ ಇವತ್ತು ಮೊಮ್ಮಗುವಿನ ಅಮೆರಿಕನ್ ಪಾಸ್‌ಪೋರ್ಟಿಗಾಗಿ ಮಾನವ ಹಕ್ಕಿನ ಲೇಖನ ಹುಡುಕುತ್ತಿವೆ. ಓದಲಿ, ಒಳ್ಳೆಯ ಲೇಖನಗಳಿವೆ. ಆ ಗುಡಿಸಲಿನ ಕೂಸಿಗೂ ಅವೇ ಅನ್ವಯಿಸುತ್ತವೆ, ಅದನ್ನೂ ಒಮ್ಮೆ ಫ್ಯಾಮಿಲಿ ಗ್ರೂಪಿಗೆ ಹಾಕಿ ನೋಡಲಿ.