ಆಫ್ರಿಕಾಕ್ಕೆ ಹೋದ ಪಂಚೆ

ಮಕ್ಕಳಿಗೆ ಇತಿಹಾಸವನ್ನು ಕೈಕೆಲಸದ ಮೂಲಕ ಕಲಿಸಬೇಕು ಎಂದು ಯಾರಾದರೂ ಹೇಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಮನೆಯ ಟ್ರಂಕಿಗೆ ಬೀಗ ಇದೆಯಾ?

ನಮ್ಮದು ಶಿರಸಿ ಸೀಮೆಯ ಒಂದು ಹಳ್ಳಿ. ಬೇಸಿಗೆ ರಜೆ ಬಂತೆಂದರೆ ಕೇರಿಯ ಮಕ್ಕಳು, ಬೆಂಗಳೂರಿನಿಂದ ಬಂದ ನಾದಿನಿಯ ಮಕ್ಕಳು, ಎಲ್ಲರ ಠಿಕಾಣಿ ನಮ್ಮ ಜಗಲಿಯಲ್ಲಿ. ಇವರ ಕೈಯಿಂದ ಮೊಬೈಲ್ ಬಿಡಿಸು ಎಂದು ದೊಡ್ಡವರೆಲ್ಲ ಸೇರಿ ನನಗೆ ಗಂಟು ಹಾಕಿದರು. ಸರಿ, ಕೈಗೆ ಕೆಲಸ ಕೊಟ್ಟು ಕಿವಿಗೆ ಕಥೆ ಹೇಳೋಣ ಅಂದುಕೊಂಡೆ.

ಮೊದಲು ಕಾವಿ ಕಲೆ. ಮಾರಿಕಾಂಬಾ ದೇವಸ್ಥಾನಕ್ಕೆ ಕರೆದೊಯ್ದು ಗೋಡೆ ತೋರಿಸಿದೆ. ಇಲ್ಲಿಂದ ಗೋವಾದವರೆಗೂ ಹಳೇ ದೇವಸ್ಥಾನಗಳಲ್ಲಿ ಕಾಣುವ ಕೆಲಸ ಅದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿಯುತ್ತಾರೆ. ಹಸಿ ಇರುವಾಗಲೇ ಮೊನಚಾದ ಕಡ್ಡಿಯಿಂದ ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮನೆಗೆ ಬಂದು ಹಂಚಿನ ಚೂರುಗಳ ಮೇಲೆ ಶುರು ಮಾಡುವಷ್ಟರಲ್ಲಿ ಪಕ್ಕದ ಮನೆ ಮಾಣಿ ನಾಪತ್ತೆ. ಅವರ ಮನೆಯಲ್ಲಿ ಅವನ ಅಣ್ಣನ ಉಪನಯನ ಹತ್ತಿರ ಬಂದಿತ್ತು. ಅವತ್ತೇ ಗೋಡೆಗೆ ಕೆಂಪು ಪೇಂಟ್ ಹೊಡೆಸಿದ್ದರು. ಹಸಿ ಇರುವಾಗಲೇ ಕೆರೆಯಬೇಕು ಎಂಬ ಮಾತನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ದಬ್ಬಣ ಹಿಡಿದು ಒಂದು ಸಿಂಹ ಮುಗಿಸಿದ್ದ.

"ಬಿಳಿ ಬಂತನೋ?" ಎಂದು ಕೇಳಿದೆ.

"ಇಲ್ಲೆ ಅತ್ತೆ. ಆಯಿ ಬಂತು."

ಆಮೇಲಿನದು ಕೌದಿ, ಹಳೇ ಬಟ್ಟೆ ತುಂಡು ಸೇರಿಸಿ ಹೊಲಿಯುವ ಹೊದಿಕೆ. ನಿಜ ಹೇಳಬೇಕೆಂದರೆ ನನಗೆ ಆಸೆ ಇದ್ದದ್ದೇ ಈ ಪಾಠದ ಮೇಲೆ. ಪರದೇಶ ತೋರಿಸಲು ನಮ್ಮ ಜಿಲ್ಲೆಯಲ್ಲಿ ವಿಮಾನ ಬೇಡ, ಸರ್ಕಾರಿ ಬಸ್ಸು ಸಾಕು. ಮುಂಡಗೋಡಿನಲ್ಲಿ 1966ರಿಂದ ಟಿಬೆಟಿನವರಿದ್ದಾರೆ. ಯಲ್ಲಾಪುರ, ಹಳಿಯಾಳದ ಕಾಡಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದವರಲ್ಲಿ ಎಷ್ಟೋ ಜನ ತಪ್ಪಿಸಿಕೊಂಡು ಈ ಕಾಡು ಸೇರಿದರು.

ಪರಿಚಯದ ಸಿದ್ದಿ ಅಜ್ಜಿಯೊಬ್ಬರು ಕಲಿಸಲು ಬಂದರು. ನಾನು ಗ್ಲೋಬ್ ತಿರುಗಿಸಿ ಮೊಜಾಂಬಿಕ್ ಹುಡುಕುತ್ತಿದ್ದೆ. ಅಜ್ಜಿ ಅದನ್ನೊಮ್ಮೆ ನೋಡಿ, "ನಾ ಹುಟ್ಟಿದ್ದು ಯಲ್ಲಾಪುರದಲ್ಲಿ ಅಮ್ಮಾ. ಸೂಜಿ ಎಲ್ಲಿದೆ?" ಅಂದರು. ಗ್ಲೋಬ್ ಒಳಗೆ ಹೋಯಿತು.

ತೊಳೆದು ತೊಳೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ ಬೇಕು ಎಂದು ಮೊದಲೇ ಹೇಳಿದ್ದರು. ಮಕ್ಕಳ ಲೆಕ್ಕದಲ್ಲಿ ಅಪ್ಪ ಅಮ್ಮನ ಬಟ್ಟೆಯೆಲ್ಲ ಹಳೇದೇ. ಒಬ್ಬಳು ಅಮ್ಮನ ನೈಟಿ ತಂದಳು, ತಂತಿಯಿಂದ ಎಳೆದದ್ದು, ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಬ್ಬ ಅಪ್ಪನ ಸೊಸೈಟಿ ಮೀಟಿಂಗಿನ ಷರ್ಟು ತಂದ. ನನ್ನ ಮಗ ಮಾತ್ರ ಯಾರಿಗೂ ತೋರಿಸದೆ ಮೂಲೆಯಲ್ಲಿ ಕೂತು ಕತ್ತರಿ ಆಡಿಸುತ್ತಿದ್ದ.

ಸಿದ್ದಿ ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಹೊಲಿಯುತ್ತಾರೆ. ಮಕ್ಕಳು ಸುತ್ತ ಕೂತರು. ನಡು ಹತ್ತಿರವಾದ ಹಾಗೆ ತಲೆಗೆ ತಲೆ ಡಿಕ್ಕಿ. ನಾದಿನಿಯ ಮಗ ನೀರು ಕುಡಿಯಲು ಎದ್ದ. ಕೌದಿಯೂ ಜೊತೆಗೆ ಎದ್ದಿತು. ಚಡ್ಡಿಯನ್ನೂ ಸೇರಿಸಿ ಹೊಲಿದುಕೊಂಡಿದ್ದ. ಹೊಲಿಗೆ ಮಾತ್ರ ಭಾರಿ ನೇರ.

ಅದನ್ನು ಬಿಚ್ಚುವಾಗ ಅವನ ತಂಗಿ ಕೇಳಿದಳು, "ಅಜ್ಜೀ, ಗೋವಾದಿಂದ ನಿಮ್ಮವರು ಘಟ್ಟ ಹತ್ತಿ ಓಡಿ ಬಂದ್ರಾ? ಅದೂ ರಾತ್ರಿ? ನಮಗೆ ಅಣಶಿ ಘಟ್ಟದಲ್ಲಿ ಕಾರಲ್ಲಿ ಕೂತ್ರೇ ವಾಂತಿ ಬರುತ್ತೆ." ಅಜ್ಜಿ ಸೂಜಿ ಬಿಟ್ಟು ನಕ್ಕರು. ಮಕ್ಕಳು ನಗಲಿಲ್ಲ. ಆ ತಿರುವುಗಳು ಅವರಿಗೆ ಚೆನ್ನಾಗಿ ಗೊತ್ತು. ಚಪ್ಪಲಿ ಇತ್ತಾ, ಹುಲಿ ಇತ್ತಾ, ಊಟಕ್ಕೆ ಏನು ಮಾಡಿದ್ರು ಎಂದು ಪ್ರಶ್ನೆಗಳು ಶುರುವಾದವು. ನಾನು ಬರೆದಿಟ್ಟುಕೊಂಡ ಟಿಪ್ಪಣಿಯಲ್ಲಿ ಇಸವಿಗಳಿದ್ದವು, ಚಪ್ಪಲಿ ಇರಲಿಲ್ಲ.

ಕೊನೆಗೆ ನಾಲ್ಕು ಮೂಲೆಗೆ ಫುಲ. ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಇಡುವ ಹೂವು ಅದು. "ಫುಲ ಇಲ್ದಿದ್ರೆ ಕೌದಿ ಬತ್ತಲೆ" ಅಂದರು ಅಜ್ಜಿ. ನನ್ನ ಮಗ ಹೆಮ್ಮೆಯಿಂದ ನಾಲ್ಕು ತುಂಡು ತಂದುಕೊಟ್ಟ. ಗರಿಗರಿ ಬಿಳಿ, ಬೆರಳಗಲ ಜರಿ ಅಂಚು. ಅಜ್ಜಿ ಬೆರಳಲ್ಲಿ ಉಜ್ಜಿ ನೋಡಿ, "ಇದು ಹೊಸದಲ್ವಾ?" ಎಂದು ನನ್ನ ಮುಖ ನೋಡಿದರು.

"ಟ್ರಂಕಿನ ತಳದಲ್ಲಿತ್ತು," ಅಂದ ಮಗ. "ಭೂಮಿ ಅಗೆದಾಗ ತಳದಲ್ಲಿ ಸಿಕ್ಕಿದ್ದೇ ಜಾಸ್ತಿ ಹಳೇದು ಅಂತ ನೀನೇ ಹೇಳಿದ್ದೆ."

ಅಷ್ಟರಲ್ಲಿ ಒಳಗಿನಿಂದ ಮಾವನ ದನಿ: "ಎನ್ನ ಪಂಚೆ ಎಲ್ಲೋತೇ ತಂಗಿ?" ಉಪನಯನಕ್ಕೆಂದು ಎತ್ತಿಟ್ಟುಕೊಂಡಿದ್ದರಂತೆ.

ಉಪನಯನಕ್ಕೆ ಅವರು ದಿನಾ ಉಡುವ ಪಂಚೆಯಲ್ಲೇ ಹೋದರು. ಅಲ್ಲಿ ಸಿಂಹಕ್ಕೆ ಅಡ್ಡವಾಗಿ ಬಾಳೆಕಂಬ ಕಟ್ಟಿದ್ದರು. ತೋಟಕ್ಕೆ ನುಗ್ಗಿದ ಸಿಂಹ ಎಲೆ ಸಂದಿಯಿಂದ ಇಣುಕಿದ ಹಾಗಿತ್ತು. ಫೋಟೋದವನಿಗಂತೂ ಆ ಜಾಗ ಬಹಳ ಇಷ್ಟವಾಯಿತು. ಪಂಕ್ತಿಯಲ್ಲಿ ಕೇಳಿದವರಿಗೆಲ್ಲ ಮಾವ, "ಎನ್ನ ಪಂಚೆ ಆಫ್ರಿಕಾಕ್ಕೆ ಹೋಯ್ದು" ಎನ್ನುತ್ತಾ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಮುಂದಿನ ಪಾಠ ಈಜಿಪ್ಟ್ ಎಂದು ಮಕ್ಕಳೇ ತೀರ್ಮಾನಿಸಿದ್ದಾರೆ. ಅಲ್ಲಿ ಬೆಕ್ಕುಗಳನ್ನೂ ಬಟ್ಟೆ ಸುತ್ತಿ ಮಮ್ಮಿ ಮಾಡುತ್ತಿದ್ದರು ಎಂದು ನಾದಿನಿಯ ಮಗಳು ಓದಿಕೊಂಡು ಬಂದಿದ್ದಾಳೆ. ನಮ್ಮ ಬೆಕ್ಕು ನಿನ್ನೆಯಿಂದ ಅಟ್ಟ ಇಳಿದಿಲ್ಲ.